ತುಂಬದ ಪೆಟ್ಟಿಗೆ

ನಮ್ಮ ಸೀಮೆಯ ಹಿರಿಯರು ಕೂಡಿಡುವ ವಿಷಯದಲ್ಲಿ ಬಹು ಜಾಣರಾಗಿದ್ದರು. ಸುಗ್ಗಿಯ ಜೋಳವನ್ನು ಹಗೇವಿಗೆ ಸುರಿದು, ಬಾಯಿಗೆ ಹುಲ್ಲು ಹಾಸಿ ಮಣ್ಣು ಮೆತ್ತಿದರೆಂದರೆ ಮುಂದಿನ ವರ್ಷದ ಬರಕ್ಕೆ ಅಂಜಬೇಕಾಗಿರಲಿಲ್ಲ. ಹಗೇವು ತೋಡುವುದಕ್ಕೆ ಮುಂಚೆ ನೆಲವನ್ನು ಪರೀಕ್ಷಿಸುತ್ತಿದ್ದರು. ನೀರು ಒಸರುವ ಕಡೆ ಎಂದೂ ತೋಡುತ್ತಿರಲಿಲ್ಲ. ಆದರೆ ಕಾಗದಪತ್ರಗಳ ಮಟ್ಟಿಗೆ ಈ ಎಚ್ಚರ ಅವರಿಗೂ ಇರಲಿಲ್ಲ, ಅವರ ಮಗನಾದ ನಮ್ಮ ತಂದೆಯವರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ. ಮೂರು ತಲೆಮಾರಿನ ಬರಹವೆಲ್ಲ ತಗಡಿನ ಟ್ರಂಕಿನಲ್ಲಿ, ಮಂಚದ ಕೆಳಗೆ, ನದಿಯ ದಂಡೆಯ ಊರಿನಲ್ಲಿ ಮಲಗಿತ್ತು.

ನಮ್ಮ ಮಾಧವರಂ ತುಂಗಭದ್ರೆಯ ದಂಡೆಯದು. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ, ಕರ್ನಾಟಕ. ಈಚೆಗೆ ಕರ್ನೂಲು ಜಿಲ್ಲೆ, ಆಂಧ್ರಪ್ರದೇಶ. ರಾಯಚೂರಿನ ಕಡೆಯಿಂದ ಮಂತ್ರಾಲಯಕ್ಕೆ ಹೋಗುವ ಭಕ್ತರು ನಮ್ಮೂರ ಮೇಲೆಯೇ ಹಾದುಹೋಗುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ನಮ್ಮ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯದಾಗಿತ್ತು. ಅಂದು ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಉಳಿದ ಏಳು ಮೈಸೂರಿಗೆ ಸೇರಿದವು. ನಮ್ಮ ತಾತನವರು ಆಗ ಕನ್ನಡ ಶಾಲೆಯ ಮೇಷ್ಟ್ರು. ಆ ವರ್ಷ ಅವರು ಬರೆದ ದಿನಚರಿ ಆ ಟ್ರಂಕಿನಲ್ಲಿತ್ತು. ಜೊತೆಗೆ ಶಾಲೆಯ ಹಾಜರಿ ಪುಸ್ತಕಗಳ ನಕಲು, ಬಳ್ಳಾರಿಯಿಂದ ಬಂದ ಪತ್ರಗಳು, ಅಕ್ಕಪಕ್ಕದವರ ಪಾಲುಪತ್ರ, ಕರಾರುಗಳು. ಓದುಬಲ್ಲವರ ಮನೆಯೆಂದು ಜನ ತಂದಿಟ್ಟವು.

2009ರ ಅಕ್ಟೋಬರ್ 2ರ ಮಹಾಪೂರವನ್ನು ನಮ್ಮ ಸೀಮೆಯ ಓದುಗರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಮಂತ್ರಾಲಯದ ಮಠಕ್ಕೇ ನೀರು ನುಗ್ಗಿದ ಮೇಲೆ ನಮ್ಮ ಟ್ರಂಕಿನ ಗತಿಯೇನು? ನೀರು ಇಳಿದ ಮೇಲೆ ಕಾಗದಗಳನ್ನು ಹಗ್ಗದ ಮೇಲೆ ಒಗೆದ ಬಟ್ಟೆಗಳಂತೆ ಹರವಿದೆವು. ಶಾಯಿಯಲ್ಲಿ ಬರೆದ ಪತ್ರಗಳು ನೀಲಿ ಕಲೆಗಳಾಗಿ ಹೋಗಿದ್ದವು. ತಾತನವರ ದಿನಚರಿ ಮಾತ್ರ ಉಳಿದಿತ್ತು. ಕಾರಣ, ಮಿತವ್ಯಯಿಗಳಾದ ಅವರು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಪೆನ್ಸಿಲಿನ ಸೀಸ ನೀರಿನಲ್ಲಿ ಕರಗುವ ವಸ್ತುವಲ್ಲ. ಬಡತನ ಅಕ್ಷರವನ್ನು ಕಾಪಾಡಿತ್ತು.

ಅಂದಿನಿಂದ ನನಗೊಂದು ಗೀಳು ಹತ್ತಿತು. ಉಳಿದ ಕಾಗದಗಳನ್ನೂ, ಕೇಳಿದವರ ಮನೆಯ ಕಾಗದಗಳನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡತೊಡಗಿದೆ. ಹತ್ತು ವರ್ಷಗಳಲ್ಲಿ ಸುಮಾರು 20,000 ಪುಟಗಳಾದವು. ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಬಣ್ಣದಲ್ಲಿ, ಕುಗ್ಗಿಸದೆ ಉಳಿಸಿದರೆ 26 ಮೆಗಾಬೈಟು ಆಗುತ್ತದೆ. ಹೀಗೆ 520 ಗಿಗಾಬೈಟು. ಇದರೊಡನೆ 60 ಕ್ಯಾಸೆಟ್ಟುಗಳ ಧ್ವನಿ. ಗಂಟೆಗೆ 635 ಮೆಗಾಬೈಟಿನಂತೆ ಇನ್ನೊಂದು 38 ಗಿಗಾಬೈಟು. ಕ್ಯಾಸೆಟ್ಟುಗಳಲ್ಲಿ ಇದ್ದುದು ನಮ್ಮ ತಾಯಿಯವರ ಬೀಸುವ ಪದಗಳು. ಗೋಡೆಯ ಎತ್ತರದ ಗೂಡಿನಲ್ಲಿದ್ದುದರಿಂದ ಅವು ಪೂರಕ್ಕೆ ಸಿಕ್ಕಿರಲಿಲ್ಲ. ಆದರೆ ಆ ತೇವದಿಂದ ಬೂಷ್ಟು ಹಿಡಿದು, ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡ ಬಳಿಕ ಮತ್ತೆ ನುಡಿಯಲಿಲ್ಲ. ತಾಯಿಯವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಇಷ್ಟೆಲ್ಲ ಸಾಹಸ ಮಾಡಿ ನಾನು ಇವನ್ನು ಇಟ್ಟದ್ದೆಲ್ಲಿ? ಅಂಗೈಯಗಲದ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿ. ಹಳೆಯ ಟ್ರಂಕಿನ ತಪ್ಪನ್ನೇ ಹೊಸ ಟ್ರಂಕಿನಲ್ಲಿ ಮಾಡಿದ್ದೆ. 2023ರ ಬೇಸಿಗೆಯಲ್ಲಿ ಆ ಡಿಸ್ಕು ಗಡಿಯಾರದಂತೆ ಟಿಕ್ ಟಿಕ್ ಎನ್ನತೊಡಗಿತು. ಎರಡು ಗಂಟೆ ಓಡಿದರೆ ಕಾದು, ಕಂಪ್ಯೂಟರಿನ ಪರದೆಯಿಂದ ಮಾಯವಾಗುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಪ್ರತ್ಯಕ್ಷ. ವೈದ್ಯರು ನಾಡಿ ಹಿಡಿದು ಮುಖ ಸಪ್ಪಗೆ ಮಾಡುವ ಹಂತ ಅದು.

* * *

ರಾಯಚೂರಿನಲ್ಲಿ ಕಚೇರಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಮ್ಮ ತಂಗಿಯ ಮಗ ಫೋನಿನಲ್ಲಿ ಹೇಳಿದ: "ಮಾವಾ, ಇನ್ನೊಂದು ಇಂಥಾದ್ದೇ ಕೊಳ್ಳಬ್ಯಾಡ್ರಿ. ಮನಿಯೊಳಗ ಒಂದು ಸಣ್ಣ ಸರ್ವರ್ ಮಾಡ್ರಿ. ಎರಡು ಡಿಸ್ಕು ಜೋಡಿ ಇರಲಿ; ಒಂದು ಕೆಟ್ಟರ ಇನ್ನೊಂದು ಉಳೀತೈತಿ."

ಅವನ ಸಲಹೆಯಂತೆ ಯಾವುದೋ ಕಚೇರಿಯಲ್ಲಿ ನಿವೃತ್ತಿ ಹೊಂದಿದ್ದ ಒಂದು ಕಂಪ್ಯೂಟರನ್ನು ಕೊಂಡು ತಂದೆ. ನಿವೃತ್ತನ ಮನೆಗೆ ನಿವೃತ್ತ ಯಂತ್ರ, ಹೊಂದಿಕೆಯಾಯಿತು. 4 ಟೆರಾಬೈಟಿನ ಒಂದು ಡಿಸ್ಕನ್ನು ಮೊದಲು, ಅದೇ ಅಳತೆಯ ಅಗ್ಗದ ಇನ್ನೊಂದನ್ನು ಆಮೇಲೆ ಕೊಂಡೆ. ಲಿನಕ್ಸ್ ಎಂಬ ಧರ್ಮಾರ್ಥ ತಂತ್ರಾಂಶವನ್ನು ಅವನು ದೂರದಿಂದಲೇ ಹೇಳಿಕೊಟ್ಟು ಹಾಕಿಸಿದ. ಬರೆದದ್ದು ಎರಡೂ ಡಿಸ್ಕುಗಳ ಮೇಲೆ ಒಮ್ಮೆಗೇ ಬೀಳುವ ಈ ಏರ್ಪಾಡಿಗೆ ಕನ್ನಡಿ ಎಂದು ಹೆಸರು. ಹೀಗೆ ಅಗ್ಗದ ಡಿಸ್ಕುಗಳನ್ನು ಕಟ್ಟಿ ಬಲಪಡಿಸುವ ಬಗೆಗಳಿಗೆಲ್ಲ ರೈಡ್ ಎಂಬ ಹೆಸರಿಟ್ಟು 1988ರಲ್ಲಿ ಪ್ರಬಂಧ ಪ್ರಕಟಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು.

ಡಿಸ್ಕಿನ ಚರಿತ್ರೆಯಲ್ಲಿ ನನಗೆ ಪ್ರಿಯವಾದ ಸಂಗತಿಯೊಂದಿದೆ. ಐಬಿಎಂ ಕಂಪನಿ ಜಗತ್ತಿನ ಮೊದಲ ಡಿಸ್ಕುಯಂತ್ರವನ್ನು ಪ್ರಕಟಿಸಿದ್ದು 1956ರ ಸೆಪ್ಟೆಂಬರಿನಲ್ಲಿ. ಕನ್ನಡ ನಾಡು ಒಂದಾದದ್ದು, ನಾವು ಅದರ ಹೊರಗೇ ಉಳಿದದ್ದು, ಅದೇ ವರ್ಷದ ನವೆಂಬರಿನಲ್ಲಿ. ಆ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟರಲ್ಲೂ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ನಮ್ಮ ತಾತನವರ ದಿನಚರಿಯ ಒಂದು ಪುಟದ ಚಿತ್ರಕ್ಕೆ ಅಂತಹ ಐದಕ್ಕೂ ಹೆಚ್ಚು ಯಂತ್ರಗಳು ಬೇಕಾಗುತ್ತಿದ್ದವು. ಈಗ ನನ್ನ ಕೈಯಲ್ಲಿದ್ದ ಡಿಸ್ಕು 4 ಲಕ್ಷ ಕೋಟಿ ಬೈಟುಗಳದು. ಇನ್ನೇನು ಭಯ ಎಂದುಕೊಂಡು, ಹಳೆಯ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸರ್ವರಿಗೆ ನಕಲು ಮಾಡಲು ಆಜ್ಞೆ ಕೊಟ್ಟೆ.

ಸೆಕೆಂಡಿಗೆ 11 ಮೆಗಾಬೈಟು!

ಲೆಕ್ಕ ಹಾಕಿದೆ. ಸುಮಾರು 560 ಗಿಗಾಬೈಟಿಗೆ 14 ಗಂಟೆ. ಹಳೆಯ ಡಿಸ್ಕಿನ ಉಸಿರಾದರೋ ಎರಡೇ ಗಂಟೆಯದು.

ಇಂತಹ ಸಮಯದಲ್ಲಿ ನಮ್ಮ ತಂದೆಯವರ ಮಾತು ನೆನಪಾಗಬೇಕಿತ್ತು. ಅವರು ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ಲಸ್ಕರ್ ಆಗಿದ್ದವರು. ತುದಿಯ ಹೊಲಕ್ಕೆ ನೀರು ಬಾರದಾಗ ರೈತರು ಗುಂಪು ಕಟ್ಟಿ ಬಂದು ಮೇಲಿನ ಊರಿನವರನ್ನು ಬೈಯುತ್ತಿದ್ದರು. ತಂದೆಯವರು ಯಾರನ್ನೂ ಬೈಯುತ್ತಿರಲಿಲ್ಲ. "ಕಾಲುವೆಗುಂಟ ನಡೀರಿ, ನೀರು ಎಲ್ಲಿವರೆಗೆ ಐತೋ, ಎಲ್ಲಿಂದ ಇಲ್ಲೋ, ಆ ಎರಡರ ನಡುವೆ ತಪ್ಪೈತಿ" ಎನ್ನುತ್ತಿದ್ದರು. ಒಮ್ಮೆ ಹೂಳು, ಒಮ್ಮೆ ಮುರಿದ ತೂಬು, ಒಮ್ಮೆ ಯಾರೋ ಅಡ್ಡ ಹಾಕಿದ ಕಲ್ಲು. ಮಗನಾದ ನಾನು ಮಾತ್ರ ನಡೆಯುವ ಮೊದಲೇ ಬೈಯಲು ಆರಂಭಿಸಿದೆ. ನನ್ನ ಬಾಯಿಗೆ ಮೊದಲು ಸಿಕ್ಕವನು ಕೇಬಲ್ ಎಳೆದುಕೊಟ್ಟಿದ್ದ ಹುಡುಗ.

ಈ ಬಾರಿ ಬೈಗಳು ಅರ್ಧ ನಿಜವಾಯಿತು. ಆ ಕೇಬಲಿನೊಳಗೆ ಎಂಟು ತಂತಿಗಳು, ನಾಲ್ಕು ಜೋಡಿ. ಸೆಕೆಂಡಿಗೆ ಸಾವಿರ ಮೆಗಾಬಿಟ್ಟಿನ ವೇಗಕ್ಕೆ ನಾಲ್ಕೂ ಜೋಡಿ ಬೇಕು. ನೂರಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ತುಂಡಾದರೂ ಯಂತ್ರಗಳು ದೂರು ಹೇಳದೆ ತಮ್ಮತಮ್ಮಲ್ಲೇ ನೂರಕ್ಕೆ ಒಪ್ಪಂದ ಮಾಡಿಕೊಂಡುಬಿಡುತ್ತವೆ. ನೂರು ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿ, ದಾರಿಖರ್ಚು ಕಳೆದರೆ ಉಳಿಯುವುದು ಸರಿಯಾಗಿ 11 ಚಿಲ್ಲರೆ ಮೆಗಾಬೈಟು. ಹುಡುಗ ಬಂದು ನೋಡಿದ. ಕಿಟಕಿಯ ಬಾಗಿಲು ದಿನವೂ ಮುಚ್ಚುವ ಕಡೆ ಕೇಬಲು ಜಜ್ಜಿಹೋಗಿತ್ತು. ಕಿಟಕಿ ಮುಚ್ಚುತ್ತಿದ್ದವನು ನಾನೇ. ಅವನು ಆ ಭಾಗವನ್ನು ಕತ್ತರಿಸಿ ಹೊಸ ತಲೆ ಹಾಕಿದ. ವೇಗ 110 ಮೆಗಾಬೈಟಿಗೆ ಏರಿತು. ಒಂದೂವರೆ ಗಂಟೆಯ ಕೆಲಸ! ನಾನು ಸಂಭ್ರಮದಿಂದ ಕಾಫಿ ತರಿಸಿದೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ವೇಗ 6ಕ್ಕೆ ಇಳಿದಿತ್ತು.

* * *

ಮುಂದಿನ ಎರಡು ವಾರಗಳ ವೃತ್ತಾಂತವನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಆರಂಭಿಸಿದರೆ ಮೊದಲ ನಾಲ್ಕೈದು ನಿಮಿಷ ವೇಗವಾಗಿ ಓಡುತ್ತಿತ್ತು, ಆಮೇಲೆ ಕುಂಟುತ್ತಿತ್ತು. ಎರಡು ಗಂಟೆಗೆ ಹಳೆಯ ಡಿಸ್ಕು ಕಾದು ಮಾಯವಾಗುತ್ತಿತ್ತು. ಅರ್ಧಕ್ಕೆ ನಿಂತ ನಕಲನ್ನು ನಂಬುವುದು ಹೇಗೆಂದು ನಾನು ಅದನ್ನೆಲ್ಲ ಅಳಿಸಿ, ಮಧ್ಯಾಹ್ನ ಮೊದಲಿನಿಂದ ಶುರುಮಾಡುತ್ತಿದ್ದೆ. ಮಧ್ಯಾಹ್ನ ಅದು ಮೊದಲಿನಿಂದಲೇ ಕುಂಟುತ್ತಿತ್ತು. ಬೆಳಿಗ್ಗೆ ಚುರುಕು, ಮಧ್ಯಾಹ್ನ ಮಂಕು. ಇದನ್ನು ಕಂಡು ಮನೆಮಂದಿಯೆಲ್ಲ ಒಂದೊಂದು ಸಿದ್ಧಾಂತ ಹೂಡಿದರು.

ನನ್ನ ಸಿದ್ಧಾಂತ ಬಿಸಿಲಿನದು. ಮೇ ತಿಂಗಳಿನ ನಮ್ಮ ಎರೆಸೀಮೆಯಲ್ಲಿ ಮನುಷ್ಯರೇ ಮಧ್ಯಾಹ್ನ ಕೆಲಸ ಮಾಡಲಾರರು, ಯಂತ್ರ ಏಕೆ ಮಾಡಬೇಕು? ಪೆಟ್ಟಿಗೆಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಪ್ರಯೋಜನವಾಗಲಿಲ್ಲ. ಪಕ್ಕದ ಮನೆಯವರ ಸಿದ್ಧಾಂತ ಕರೆಂಟಿನದು: ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜು ಬೀಳುತ್ತದಲ್ಲ! ಯುಪಿಎಸ್ ತಂದೆ. ಕರೆಂಟು ಹೋದಾಗ ಒಳ್ಳೆಯದಾಯಿತು. ವೇಗ ಮಾತ್ರ ಹಾಗೆಯೇ ಉಳಿಯಿತು. ನಮ್ಮ ಮನೆಯಾಕೆ ಏನೂ ಹೇಳದೆ, ಒಂದು ಅಮಾವಾಸ್ಯೆಯಂದು ಬಾಗಿಲಿಗೆ ಕಟ್ಟಲು ತಂದ ನಿಂಬೆಹಣ್ಣುಗಳಲ್ಲಿ ಒಂದನ್ನು ಪೆಟ್ಟಿಗೆಯ ಮೇಲೆ ಇಟ್ಟಳು. ಮೂರು ಸಿದ್ಧಾಂತಗಳಲ್ಲಿ ಅತ್ಯಂತ ಕಡಿಮೆ ಖರ್ಚಿನದು ಅದೇ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸತ್ಯದ ಎಳೆ ಸಿಕ್ಕಿದ್ದು ಒಂದು ಮದುವೆಯಿಂದ. ಎಮ್ಮಿಗನೂರಿನಲ್ಲಿ ನೆಂಟರ ಮದುವೆಯಿತ್ತು. ಬೆಳಿಗ್ಗೆಯೇ ಹೊರಟೆವು, ನಕಲು ಮಾಡಲು ಆಗಲಿಲ್ಲ, ಸರ್ವರು ಮಾತ್ರ ಚಾಲೂ ಇತ್ತು. ಸಂಜೆ ನಾಲ್ಕಕ್ಕೆ ಬಿಸಿಲಿನಲ್ಲಿ ಬೆಂದು ಮನೆಗೆ ಬಂದು, ಅಭ್ಯಾಸಬಲದಿಂದ ನಕಲನ್ನು ಆರಂಭಿಸಿದೆ. ಓಡಿತು, 110ರ ವೇಗದಲ್ಲಿ! ದಿನದ ಅತ್ಯಂತ ಉರಿಯ ಹೊತ್ತು ಅದು; ಪಂಪುಗಳೂ ಓಡುತ್ತಿದ್ದವು. ನೋಟುಬುಕ್ಕು ತೆಗೆದು ಹಿಂದಿನ ದಿನಗಳ ಅಂಕಿಗಳನ್ನು ನೋಡಿದೆ. ಬೆಳಿಗ್ಗೆಗಳಂದೂ ಇಂದೂ ವೇಗ ಮುರಿದು ಬಿದ್ದದ್ದು ಹೆಚ್ಚುಕಡಿಮೆ ಒಂದೇ ಕಡೆ, 30 ಗಿಗಾಬೈಟಿನ ಸುಮಾರಿಗೆ. ಎಂದರೆ ಪ್ರಶ್ನೆ ಹೊತ್ತಿನದಲ್ಲ, ಬಿಸಿಲಿನದಲ್ಲ, ವಿಶ್ರಾಂತಿಯದು. ದಿನವಿಡೀ ಸುಮ್ಮನಿದ್ದರೆ ಅಷ್ಟು ತಿನ್ನುತ್ತದೆ, ಆಮೇಲೆ ಒಲ್ಲೆನೆನ್ನುತ್ತದೆ.

ಇದನ್ನು ಅಳಿಯನಿಗೆ ತಿಳಿಸಿದೆ. ಅವನು ಮರುದಿನವೇ ಬಸ್ಸು ಹಿಡಿದು ಸೇತುವೆ ದಾಟಿ ಬಂದ. ಬಂದವನು ಮೊದಲು ಮಾಡಿದ ಕೆಲಸವೆಂದರೆ ಹಳೆಯ ಡಿಸ್ಕನ್ನು ಕಿತ್ತು ಪಕ್ಕಕ್ಕೆ ಇಟ್ಟದ್ದು.

"ಮಾವಾ, ಎರಡು ವಾರ ಇದನ್ನ ಓಡಿಸಿ ಓಡಿಸಿ ಪರೀಕ್ಷಾ ಮಾಡೀರಿ. ಪರೀಕ್ಷಾಕ್ಕ ಯಾವ ಫೈಲ್ ಆದರೂ ನಡೀತೈತಿ. ಸಾಯೋ ಮುದುಕನ್ನ ಎಬ್ಬಿಸಿ ಎಬ್ಬಿಸಿ ದಾರಿ ತೋರಿಸು ಅಂದಂಗಾತು."

ನನ್ನ ಬಾಯಿ ಕಟ್ಟಿತು. ಎಷ್ಟು ಸಲ ಅಳಿಸಿ ಎಷ್ಟು ಸಲ ಮೊದಲಿನಿಂದ ಆರಂಭಿಸಿದ್ದೆ! ಅದರ ಅಳಿದುಳಿದ ಆಯುಷ್ಯವನ್ನು ನಾನೇ ಸವೆಸಿದ್ದೆ.

ತರುವಾಯ ಅವನು ಮಾಡಿದ್ದು, ಅವನಿಗೆ ತಿಳಿಯದೆಯೇ, ಅವನ ತಾತನ ಕೆಲಸ. ಕಾಲುವೆಗುಂಟ ನಡೆದ. ಮೊದಲು ಐಪರ್ಫ್ ಎಂಬ ಸಾಧನದಿಂದ, ಡಿಸ್ಕುಗಳನ್ನು ಮುಟ್ಟದೆ, ಬರಿಯ ದಾರಿಯನ್ನು ಅಳೆದ: ಸೆಕೆಂಡಿಗೆ 940 ಮೆಗಾಬಿಟ್ಟು. ದಾರಿ ಚೊಕ್ಕ. ಆಮೇಲೆ ದಾರಿಯನ್ನೇ ಬಿಟ್ಟು, ಸರ್ವರಿನ ಮುಂದೆ ಕುಳಿತು, ಅದರೊಳಗೇ ಒಂದು ದೊಡ್ಡ ಕಡತವನ್ನು ಬರೆಯಿಸಿದ. ಇಲ್ಲಿ ಒಂದು ಮೋಸವಿದೆ ಎಂದು ತೋರಿಸಿಕೊಟ್ಟ: ಬರೆಯಲು ಕೊಟ್ಟದ್ದನ್ನು ಯಂತ್ರ ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಡಿಸ್ಕಿಗೆ ತಲುಪುವ ಮೊದಲೇ ಆಯಿತು ಎಂದುಬಿಡುತ್ತದೆ. ಆದುದರಿಂದ, ಡಿಸ್ಕಿಗೆ ಮುಟ್ಟಿದ ಮೇಲೆಯೇ ಲೆಕ್ಕ ಒಪ್ಪಿಸು ಎಂಬ ಷರತ್ತು ಹಾಕಿ ಅಳೆಯಬೇಕು. ಹಾಗೆ ಅಳೆದಾಗ ಸರ್ವರಿನೊಳಗೂ ಅದೇ ರೋಗ ಕಂಡಿತು. ಕೇಬಲು, ರೌಟರು, ಲ್ಯಾಪ್‌ಟಾಪು ಎಲ್ಲವೂ ನಿರಪರಾಧಿಗಳೆಂದು ಬಿಡುಗಡೆಯಾದವು.

ಉಳಿದವು ಎರಡು ಡಿಸ್ಕುಗಳು. ಐಒಸ್ಟ್ಯಾಟ್ ಎಂಬ ಇನ್ನೊಂದು ಆಜ್ಞೆ ಪ್ರತಿಯೊಂದು ಡಿಸ್ಕು ಎಷ್ಟು ದುಡಿಯುತ್ತಿದೆ, ಎಷ್ಟು ಕಾಯಿಸುತ್ತಿದೆ ಎಂಬುದನ್ನು ಬೇರೆಬೇರೆಯಾಗಿ ಹೇಳುತ್ತದೆ. ಬರಹ ನಡೆದಾಗ ನೋಡಿದೆವು. ಮೊದಲು ಕೊಂಡ ಡಿಸ್ಕು ಆಗೀಗ ಕಣ್ಣು ತೆರೆದು ಕೊಟ್ಟದ್ದನ್ನು ಬರೆದು ಮತ್ತೆ ಸುಮ್ಮನಾಗುತ್ತಿತ್ತು. ಎರಡನೆಯದು ಶೇಕಡಾ 100 ದುಡಿಮೆಯಲ್ಲಿ ಏದುಸಿರು ಬಿಡುತ್ತಿತ್ತು. ಕನ್ನಡಿಯ ಏರ್ಪಾಡಿನಲ್ಲಿ ಎರಡೂ ಬರೆದ ಮೇಲೆಯೇ ಬರಹ ಮುಗಿದ ಲೆಕ್ಕ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಮೆಲ್ಲಗೆ ನಡೆಯುವುದರ ನಡಿಗೆಯೇ ಜೋಡಿಯ ನಡಿಗೆ.

ಹಾಗಾದರೆ ಆ ಡಿಸ್ಕು ಕೆಟ್ಟಿತ್ತೇ? ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆಯನ್ನು ತೆರೆದ. ಕೆಟ್ಟು ಬದಲಾಯಿಸಿದ ಜಾಗಗಳು ಸೊನ್ನೆ. ತಂತಿಯ ದೋಷಗಳ ಎಣಿಕೆ ಸೊನ್ನೆ. ರೋಗಿ ನಿರೋಗಿ! ಕೊನೆಗೆ ಡಿಸ್ಕಿನ ಮೇಲಿನ ಚೀಟಿಯಲ್ಲಿದ್ದ ಮಾದರಿಯ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿದ. "ಸಿಕ್ತು ಮಾವಾ. ಇದು ಹಂಚಿನ ಡಿಸ್ಕು."

* * *

ಹಂಚಿನ ಡಿಸ್ಕೆಂಬುದು ನಮ್ಮ ಮನೆಯಲ್ಲಿ ಬಿದ್ದ ಹೆಸರು. ಡಿಸ್ಕಿನ ತಟ್ಟೆಯ ಮೇಲೆ ಬರಹವು ಒಂದರ ಸುತ್ತ ಒಂದು ಉಂಗುರಗಳಂತೆ ಕೂಡುತ್ತದೆ. ಬರೆಯುವ ಮುಳ್ಳು ಅಗಲ, ಓದುವ ಮುಳ್ಳು ಸಣ್ಣದು. ಸಾಮಾನ್ಯ ಡಿಸ್ಕಿನಲ್ಲಿ ಉಂಗುರಗಳ ನಡುವೆ ಸಂದು ಬಿಟ್ಟು ಬರೆಯುತ್ತಾರೆ. ಓದುವುದಕ್ಕೆ ಇಷ್ಟು ಅಗಲ ಏಕೆ ಬೇಕು ಎಂದು ಯೋಚಿಸಿದವರು, ಮನೆಯ ಮೇಲೆ ಹಂಚು ಹೊದಿಸುವಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಏರಿಸಿ ಬರೆದರು. ಅದೇ ತಟ್ಟೆಯಲ್ಲಿ ಹೆಚ್ಚು ಹಿಡಿಯಿತು, ಡಿಸ್ಕು ಅಗ್ಗವಾಯಿತು. ಆದರೆ ಮಾಡಿನ ನಡುವಿನ ಒಂದು ಹಂಚನ್ನು ಬದಲಿಸಬೇಕಾದರೆ ಅದರ ಮೇಲೆ ಕೂತವುಗಳನ್ನು ಎತ್ತಬೇಕು. ಹಾಗೆಯೇ ಈ ಡಿಸ್ಕಿನಲ್ಲಿ ನಡುವೆ ಒಂದು ಉಂಗುರ ತಿದ್ದಬೇಕಾದರೆ ಅದರ ಮುಂದಿನ ಇಡೀ ಪಟ್ಟಿಯನ್ನು ಓದಿ, ಎತ್ತಿಟ್ಟುಕೊಂಡು, ಮತ್ತೆ ಬರೆಯಬೇಕು.

ಈ ಕಷ್ಟವನ್ನು ಮರೆಮಾಡಲು ಡಿಸ್ಕಿನ ಒಂದು ಮೂಲೆಯಲ್ಲಿ ಸ್ವಲ್ಪ ಜಾಗವನ್ನು ಪಡಸಾಲೆಯಂತೆ ಬಿಟ್ಟಿರುತ್ತಾರೆ. ಬಂದದ್ದು ಮೊದಲು ಪಡಸಾಲೆಗೆ. ಯಾರೂ ಕರೆಯದ ಹೊತ್ತಿನಲ್ಲಿ ಡಿಸ್ಕು ತಾನೇ ಅದನ್ನು ಒಳಕೋಣೆಗೆ ಸಾಗಿಸುತ್ತದೆ. ದಿನಕ್ಕೆ ನಾಲ್ಕು ನೆಂಟರು ಬರುವ ಮನೆಗೆ ಇದು ಸುಖದ ವ್ಯವಸ್ಥೆ. ಮದುವೆಯ ದಿಬ್ಬಣವೇ ಬಂದರೆ ಪಡಸಾಲೆ ತುಂಬಿ ಬಾಗಿಲಲ್ಲೇ ನೂಕುನುಗ್ಗಲು. ನಮ್ಮ ಡಿಸ್ಕಿನ ಪಡಸಾಲೆ 30 ಗಿಗಾಬೈಟಿನ ಸುಮಾರಿನದು. ರಾತ್ರಿಯ ವಿಶ್ರಾಂತಿಯಲ್ಲಿ ಅದು ಖಾಲಿಯಾಗುತ್ತಿತ್ತು, ಬೆಳಿಗ್ಗೆ ಓಡುತ್ತಿತ್ತು. ಬಿಸಿಲಿಗೂ ವೋಲ್ಟೇಜಿಗೂ ನಿಂಬೆಹಣ್ಣಿಗೂ ಇದರಲ್ಲಿ ಪಾತ್ರವೇ ಇರಲಿಲ್ಲ.

ಡಿಸ್ಕಿನ ಪೆಟ್ಟಿಗೆಯ ಮೇಲೆ ಈ ವಿಷಯ ಎಲ್ಲಿಯೂ ಬರೆದಿರಲಿಲ್ಲ. ಮನೆಯ ಸರ್ವರುಗಳಿಗೆಂದೇ ಮಾರುತ್ತಿದ್ದ ಕೆಲವು ಡಿಸ್ಕುಗಳಲ್ಲೂ ಹೇಳದೆ ಇದೇ ಕ್ರಮವನ್ನು ಬಳಸಿದ್ದರೆಂಬುದು 2020ರ ಏಪ್ರಿಲಿನಲ್ಲಿ ಬಯಲಾಗಿ, ಬಳಕೆದಾರರು ಗಲಾಟೆ ಮಾಡಿದ ಮೇಲೆಯೇ ತಯಾರಕರು ಯಾವುದು ಹಂಚಿನದು, ಯಾವುದು ಅಲ್ಲ ಎಂಬ ಪಟ್ಟಿಗಳನ್ನು ಪ್ರಕಟಿಸಿದರು. ಹಂಚಿನ ಡಿಸ್ಕು ಕೆಟ್ಟದ್ದೆಂದು ನಾನು ಹೇಳಲಾರೆ. ಒಮ್ಮೆ ಬರೆದು ಎತ್ತಿಡುವುದಕ್ಕೆ ಅದು ಚೆನ್ನ. ದಿನವೂ ನೊಗ ಹೊರುವುದಕ್ಕೆ ಕಟ್ಟಿದ್ದು ನಮ್ಮ ತಪ್ಪು. ಯಾವುದಕ್ಕೆ ಒಗ್ಗುವುದೆಂದು ಹೇಳದೆ ಮಾರಿದ್ದು ಅವರ ತಪ್ಪು.

"ಹಂಗಾರ ಹೊಸದು ಒಂದು ತರೋತನಕ ಕಾಯೋಣೇನಪ್ಪಾ?" ಎಂದು ಕೇಳಿದೆ.

"ಹಳೇ ಡಿಸ್ಕು ಕಾಯ್ತೈತೇನ್ರಿ ಮಾವಾ?" ಎಂದ. "ಜೋಡಿ ಬಿಡಿಸೋಣ. ಒಳ್ಳೇ ಡಿಸ್ಕಿನ ಮ್ಯಾಲೆ ಒಂಟಿಯಾಗಿ ಮೊದಲು ಇಳಿಸಿಬಿಡೋಣ. ಕುಂಟೆತ್ತಿಗೆ ಆಮೇಲೆ ನಿಧಾನಕ್ಕ ಕೊಡೋಣ. ಮೊದಲು ಹೇಳ್ರಿ, ಯಾವುದು ಹೋದರ ಮತ್ತ ಸಿಗೂದಿಲ್ಲ?"

ಹತ್ತು ವರ್ಷ ಆ ಕೆಲಸ ಮಾಡಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ದೊಡ್ಡ ಕಡತ ಮೊದಲು ಹೋಗಲಿ ಎಂದು ಪುಟಗಳ ರಾಶಿಯನ್ನೇ ನಕಲು ಮಾಡುತ್ತಿದ್ದೆ. ಪುಟಗಳಲ್ಲಿ ಬಹುಪಾಲಿನ ಮೂಲ ಕಾಗದ ಇನ್ನೂ ಇತ್ತು. ಕ್ಯಾಸೆಟ್ಟುಗಳು ಸತ್ತಿದ್ದವು, ಹಾಡಿದವರೂ ಇರಲಿಲ್ಲ. ಆ 38 ಗಿಗಾಬೈಟಿಗೆ ಬೇಕಾಗಿದ್ದುದು ಆರು ನಿಮಿಷದ ಓಟ. ನಾನು ಅದನ್ನು ಎರಡು ವಾರ ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದೆ.

ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದೆವು. ಹಳೆಯ ಡಿಸ್ಕಿಗೆ ಫ್ಯಾನಿನ ಗಾಳಿ. ಆರ್‌ಸಿಂಕ್ ಎಂಬ ಸಾಧನವನ್ನು ಅಳಿಯ ಹೂಡಿದ. ಅದು ನಡುವೆ ನಿಂತರೂ ಆದಷ್ಟನ್ನು ಬಿಟ್ಟು ಉಳಿದದ್ದರಿಂದ ಮುಂದುವರಿಸುತ್ತದೆ, ನನ್ನಂತೆ ಎಲ್ಲವನ್ನೂ ಅಳಿಸಿ ಕೂರುವುದಿಲ್ಲ. ಮೊದಲು ಕ್ಯಾಸೆಟ್ಟುಗಳು. ಕೊನೆಯ ಕಡತ ದಾಟಿದಾಗ ಅಳಿಯ ಏನೂ ಹೇಳದೆ ಅದರಲ್ಲೊಂದನ್ನು ಹೊಸ ಡಿಸ್ಕಿನಿಂದ ತೆರೆದ. ಬೀಸುವ ಕಲ್ಲಿನ ಗರಗರ ಮೊದಲು, ಅದರ ಹಿಂದೆ ನಮ್ಮ ತಾಯಿಯವರ ಧ್ವನಿ. ಅಡುಗೆಮನೆಯಿಂದ ನಮ್ಮ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಅವಳ ಅತ್ತೆಯ ಧ್ವನಿ ಅದು. ಯಾರೂ ಮಾತಾಡಲಿಲ್ಲ.

ಆಮೇಲೆ ತಾತನವರ ದಿನಚರಿ, ಆಮೇಲೆ ಉಳಿದವು. ಒಂದು ಗಂಟೆ ಓಡಿಸಿ, ಡಿಸ್ಕನ್ನು ತಣಿಸಿ, ಮತ್ತೆ ಓಡಿಸಿದೆವು. ಕೊನೆಯ ಹಂತದಲ್ಲಿ ಟಿಕ್ ಟಿಕ್ ಜೋರಾಯಿತು. 41 ಪುಟಗಳು ಬರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ 34ನ್ನು ಬಿಡಿಸಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಆ ಡಿಸ್ಕು ಮಾಯವಾದದ್ದು ಮತ್ತೆ ಪ್ರತ್ಯಕ್ಷವಾಗಲಿಲ್ಲ. ಉಳಿದ ಏಳರಲ್ಲಿ ಐದು ಪುಟಗಳ ಕಾಗದ ನಮ್ಮಲ್ಲೇ ಇತ್ತು. ಮತ್ತೆ ಸ್ಕ್ಯಾನ್ ಮಾಡಿದೆ. ಎರಡು ಮಾತ್ರ ಬೇರೆ ಮನೆಯವರದು, ಅವರ ಹಿರಿಯರ ಪಾಲುಪತ್ರದ ಕೊನೆಯ ಎರಡು ಹಾಳೆಗಳು. ನಾನು ಮೂಲವನ್ನು ಮರಳಿಸಿದ್ದೆ. ಅವರು ಹಳೆಯ ಮನೆ ಕೆಡವುವಾಗ ಅದು ಎಲ್ಲೋ ಹೋಗಿತ್ತು. ಸಾಕ್ಷಿಗಳ ರುಜು ಇದ್ದ ಹಾಳೆಗಳು ಅವು. ನನ್ನ ಎರಡು ವಾರದ ಹಠ ಇಲ್ಲದಿದ್ದರೆ ಬಹುಶಃ ಉಳಿಯುತ್ತಿದ್ದವು. ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಮನೆಯ ಹಿರಿಯರು, "ನೀವು ತೆಗೆದಿಡದಿದ್ದರ ಉಳಿದ ಆರು ಹಾಳೀನೂ ಇರ್ತಿದ್ದಿಲ್ಲಲ್ರಿ" ಎಂದರು. ಸಮಾಧಾನದ ಮಾತು ಅದು. ಸಮಾಧಾನ ಮಾತ್ರ ಆಗಲಿಲ್ಲ. ಬರುವ ದಾರಿಯಲ್ಲಿ ಕೇಬಲ್ ಹುಡುಗನ ಅಂಗಡಿಗೂ ಹೋದೆ. ಕಿಟಕಿ ಮುಚ್ಚಿದವನು ನಾನೆಂದು ಅವನಿಗೆ ಹೇಳಿರಲಿಲ್ಲ. ಹೇಳಿದೆ. ಅವನು ನಕ್ಕು ಚಹಾ ತರಿಸಿದ.

* * *

ಪಟ್ಟಿ ನೋಡಿ ಇನ್ನೊಂದು ಸರಿಯಾದ ಡಿಸ್ಕನ್ನು ಕೊಂಡು ಜೋಡಿಯನ್ನು ಪೂರ್ತಿ ಮಾಡಿದೆವು. ಹಂಚಿನ ಡಿಸ್ಕನ್ನು ಏನು ಮಾಡುವುದು? ಅಳಿಯ ಅದಕ್ಕೂ ಒಂದು ಉದ್ಯೋಗ ಕಲ್ಪಿಸಿದ. ಕನ್ನಡಿ ಎಷ್ಟೇ ಚೆನ್ನಾಗಿದ್ದರೂ ಎರಡು ಡಿಸ್ಕುಗಳೂ ಇರುವುದು ಒಂದೇ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಇರುವುದು ಹೊಳೆಯ ದಂಡೆಯಲ್ಲಿ. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಪೂರ ಬಂದರೆ ಎರಡೂ ಮುಳುಗುತ್ತವೆ. ಕನ್ನಡಿಯಲ್ಲಿ ಕಾಣುವುದು ಎರಡನೆಯ ಪ್ರತಿಯಲ್ಲ, ಪ್ರತಿಬಿಂಬ. ಬಲ್ಲವರು ಹೇಳುವ ಸೂತ್ರ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಹಂಚಿನ ಡಿಸ್ಕಿಗೆ ಒಂದೂವರೆ ದಿನ ಅದರ ನಡಿಗೆಯಲ್ಲೇ ಎಲ್ಲವನ್ನೂ ತುಂಬಿದೆವು. ಒಂದೊಂದು ಕಡತವೂ ಮೂಲದಂತೆಯೇ ಇದೆಯೇ ಎಂದು ತಾಳೆ ನೋಡಿದೆವು. ಬಳಿಕ ಬಟ್ಟೆಯಲ್ಲಿ ಸುತ್ತಿ, ಸೇತುವೆ ದಾಟಿಸಿ, ರಾಯಚೂರಿನ ತಂಗಿಯ ಮನೆಯ ಬೀರುವಿನಲ್ಲಿ ಇಟ್ಟುಬಂದೆ. ದೀಪಾವಳಿಗೂ ಯುಗಾದಿಗೂ ಅದು ತವರಿಗೆ ಬಂದು, ಹೊಸದನ್ನು ತುಂಬಿಸಿಕೊಂಡು ಹೋಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಮಂತ್ರಾಲಯ, ಕೋಸಿಗಿ, ಕೌತಾಳಂ ಕಡೆಯ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಬಂತು. 2009ನ್ನು ಕಂಡ ನಮಗೆ ಎದೆ ನಡುಗಿದ್ದು ಸಹಜ. ಪುಣ್ಯಕ್ಕೆ ಆ ಸಲ ಅನಾಹುತವಾಗಲಿಲ್ಲ. ಒಂದು ವಾರದೊಳಗೆ ಆ ಬಾಯಿಗೆ ತಡೆಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಆದರೆ ಎಚ್ಚರಿಕೆ ಬಂದಾಗ ನಾವು ಮನೆಯಲ್ಲಿ ಏನೇನು ಮೇಲಕ್ಕೆ ಎತ್ತಿಟ್ಟೆವೆಂಬುದನ್ನು ಹೇಳಬೇಕು. ಅಕ್ಕಿ, ಬೇಳೆ, ಹಾಸಿಗೆ, ಮನೆಯಾಕೆಯ ಹೊಲಿಗೆ ಯಂತ್ರ, ತಾತನವರ ಪೆನ್ಸಿಲಿನ ದಿನಚರಿ. ಸರ್ವರಿನ ಪೆಟ್ಟಿಗೆಯ ಬಳಿ ಬಂದಾಗ ನಮ್ಮ ಮನೆಯಾಕೆ, "ಇದು?" ಎಂದಳು.

"ಇರಲಿ ಬಿಡು, ಭಾರ ಐತಿ," ಎಂದೆ. "ಅತ್ತಿಯವರು ರಾಯಚೂರಾಗ ಅದಾರ."

ಅವಳು ಪೆಟ್ಟಿಗೆಯ ಮೇಲೆ ಒಣಗಿದ್ದ ನಿಂಬೆಹಣ್ಣನ್ನು ತೆಗೆದು ಎಸೆದು, ಹೊಸದೊಂದನ್ನು ಇಟ್ಟು, ಮುಂದಿನ ಕೆಲಸಕ್ಕೆ ಹೋದಳು. ನಾನು ಬೇಡವೆನ್ನಲಿಲ್ಲ.